24 ವರ್ಷದ ಬಳಿಕ ಮೊದಲ ಪ್ರೀತಿ ಮತ್ತೆ ಎದುರಾದಾಗ

ಪ್ರಶ್ನೆ: ಮೇಡಂ, ನನಗೆ 45 ವರ್ಷ. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಯಜಮಾನರೂ ಸರ್ಕಾರಿ ನೌಕರಿಯಲ್ಲಿದ್ದರು, 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು. ಮಗಳು ಇಂಜಿನಿಯರಿಂಗ್ ಓದುತ್ತ ಹಾಸ್ಟೆಲ್‌ನಲ್ಲಿದ್ದಾಳೆ. ಮನೆಯಲ್ಲಿ ಅತ್ತೆ ಮತ್ತು ನಾನು. ಈಚೆಗೆ ನಮ್ಮ ಡಿಗ್ರಿ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡು ವಾಟ್ಸಾಪ್ ಗ್ರೂಪ್ ಮಾಡಿದರು. ನಾನು ಎರಡು ವರ್ಷ ಪ್ರೀತಿಸಿದ್ದವನು ಅದರಲ್ಲಿ ಸಿಕ್ಕ. ಜಾತಿ ಬೇರೆ ಎಂದು ಆಗ ನಮ್ಮ ಮನೆಯಲ್ಲಿ ಒಪ್ಪಿರಲಿಲ್ಲ, ವರ್ಷದೊಳಗೆ ನನಗೆ ಬೇರೆ ಮದುವೆ ಮಾಡಿದರು. ಅವನೀಗ ಪುಣೆಯಲ್ಲಿದ್ದಾನೆ. ಹೆಂಡತಿಯಿಂದ ಮೂರು ವರ್ಷದಿಂದ ದೂರ ಇದ್ದೇನೆ, ಡಿವೋರ್ಸ್ ಬರೀ ಕಾಗದದ ಕೆಲಸ ಅನ್ನುತ್ತಾನೆ. ದಿನಾ ರಾತ್ರಿ ಒಂದು ಗಂಟೆವರೆಗೆ ಚಾಟ್ ನಡೆಯುತ್ತದೆ. ಆಗಿನ ತಳಮಳವೇ ಈಗಲೂ ಆಗುತ್ತಿದೆ. ಯಜಮಾನರ ಫೋಟೊಗೆ ಹೂವಿಡುವಾಗ ಕೈ ನಡುಗುತ್ತದೆ. ಎರಡು ದಿನ ಮಡಿಕೇರಿಗೆ ಹೋಗಿಬರೋಣ ಎಂದು ಕರೆಯುತ್ತಿದ್ದಾನೆ. ಮೊದಲ ಪ್ರೀತಿಯೇ ನಿಜವಾದ ಪ್ರೀತಿ ಅನ್ನುವುದು ಸತ್ಯವೇ? ಅಥವಾ ಇದು ನನ್ನ ಒಂಟಿತನವೇ? ಮುಂದುವರಿದರೆ ಏನೇನು ಕಳೆದುಕೊಳ್ಳುತ್ತೇನೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಕಟಗಳು ಹೆಣೆದುಕೊಂಡಿವೆ. ಈ ಭಾವನೆ ನಿಜವೋ ಭ್ರಮೆಯೋ, ಇದು ತೀರಿಕೊಂಡ ಗಂಡನಿಗೆ ಬಗೆಯುವ ದ್ರೋಹವೋ, ಈಗಿನ ಈ ಮನುಷ್ಯನನ್ನು ನಂಬಬಹುದೋ. ನೀವು ನಿದ್ದೆಗೆಡುತ್ತಿರುವುದು ಮೊದಲ ಎರಡಕ್ಕೆ. ನಿಮ್ಮ ಮುಂದಿನ ಬದುಕು ನಿಂತಿರುವುದು ಮೂರನೆಯದರ ಮೇಲೆ. ಅದಕ್ಕೇ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲ ಪ್ರೀತಿಯೊಂದೇ ನಿಜವಾದ ಪ್ರೀತಿ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಮೊದಲ ಪ್ರೀತಿಯ ನೆನಪು ಉಳಿದವಕ್ಕಿಂತ ಗಟ್ಟಿ ಎನ್ನುವುದು ನಿಜ. ನಡುವಯಸ್ಸು ದಾಟಿದವರನ್ನು ಹಳೆಯದನ್ನು ನೆನಪಿಸಿಕೊಳ್ಳಿ ಎಂದು ಕೇಳಿದರೆ, ಸುಮಾರು 10ರಿಂದ 30ನೇ ವಯಸ್ಸಿನ ನಡುವಿನ ಘಟನೆಗಳನ್ನೇ ಹೆಚ್ಚಾಗಿ ಹೇಳುತ್ತಾರೆ. ಮನೋವಿಜ್ಞಾನದಲ್ಲಿ ಇದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಆ ವಯಸ್ಸಿನಲ್ಲಿ ಎಲ್ಲವೂ ಮೊದಲ ಸಲ ನಡೆಯುತ್ತದೆ, ನಾನು ಯಾರು ಎನ್ನುವುದೂ ಆಗಲೇ ರೂಪುಗೊಳ್ಳುತ್ತದೆ. ಜೊತೆಗೆ, ನೆನಪು ಪ್ರತಿಸಲ ಹೊರಬಂದಾಗಲೂ ಸ್ವಲ್ಪ ತಿದ್ದಿಸಿಕೊಂಡು ಒಳಗೆ ಹೋಗುತ್ತದೆ. ಅವನು ಒಮ್ಮೆ ರೇಗಿದ್ದು, ಹೇಳಿದ ಹೊತ್ತಿಗೆ ಬಾರದೆ ಕಾಯಿಸಿದ್ದು 24 ವರ್ಷದಲ್ಲಿ ಅಳಿಸಿಹೋಗಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಮಗಾಗಿ ನಿಂತಿದ್ದು ಮಾತ್ರ ಉಳಿದಿರುತ್ತದೆ.

ನಿಮ್ಮ ಪ್ರೀತಿ ಒಳಗಿನಿಂದ ಹಳಸಿ ಮುಗಿದದ್ದಲ್ಲ, ಹೊರಗಿನವರು ಕತ್ತರಿಸಿದ್ದು. ಇದು ದೊಡ್ಡ ವ್ಯತ್ಯಾಸ. ಒಬ್ಬರ ಸುಳ್ಳು, ಕುಡಿತ, ಹೊಡೆತದಿಂದ ಮುರಿದ ಸಂಬಂಧ ಮತ್ತೆ ಶುರುವಾದರೆ ಹಳೆಯ ಕಾರಣವೇ ಮತ್ತೆ ತಲೆ ಎತ್ತುವ ಸಾಧ್ಯತೆ ಹೆಚ್ಚು. ಮನೆಯವರ ವಿರೋಧದಿಂದ ಮುರಿದಿದ್ದರೆ ಆ ಕಾರಣ ಈಗ ಇರಬೇಕೆಂದಿಲ್ಲ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಪಾಠ ಮಾಡುತ್ತಿದ್ದ ಮನೋವಿಜ್ಞಾನಿ ನ್ಯಾನ್ಸಿ ಕ್ಯಾಲಿಷ್ 1990ರ ದಶಕದಲ್ಲಿ, ಬೇರ್ಪಟ್ಟು ವರ್ಷಗಳಾದ ಮೇಲೆ ಮತ್ತೆ ಕೂಡಿದ 1001 ಜನರಿಂದ ಮಾಹಿತಿ ಪಡೆದಿದ್ದರು. ಆಗ ಬೇರ್ಪಟ್ಟಿದ್ದಕ್ಕೆ ಅವರು ಕೊಟ್ಟ ಮುಖ್ಯ ಕಾರಣಗಳಲ್ಲೊಂದು ಹೆತ್ತವರ ಒಪ್ಪಿಗೆ ಇಲ್ಲದ್ದು. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಸಮೀಕ್ಷೆಯ ಹೊತ್ತಿಗೆ ಜೊತೆಯಲ್ಲೇ ಇದ್ದರು. ಈ ಅಂಕಿಯನ್ನು ಹಿಡಿದುಕೊಂಡು ನಿರ್ಧಾರಕ್ಕೆ ಬರಬೇಡಿ. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಅದು. ಇಂಟರ್ನೆಟ್ ಬಂದ ಮೇಲೆ ಕ್ಯಾಲಿಷ್ ಅವರೇ ಮತ್ತೊಮ್ಮೆ ವಿಚಾರಿಸಿದಾಗ ಚಿತ್ರ ಬದಲಾಗಿತ್ತು. ಬೇರೊಬ್ಬರೊಂದಿಗೆ ಮದುವೆಯಲ್ಲಿ ಇರುವಾಗಲೇ ಹಳೆಯ ಪ್ರೀತಿಗೆ ಮರಳಿದವರ ಸಂಖ್ಯೆ ತುಂಬಾ ಹೆಚ್ಚಿತ್ತು, ಆ ಸಂಬಂಧಗಳಲ್ಲಿ ಹೆಚ್ಚಿನವು ಒಳ್ಳೆಯ ಕಡೆಗೆ ಹೋಗಿರಲಿಲ್ಲ. ಆಪ್ತಸಮಾಲೋಚನೆಗೆ ಬರುವವರಲ್ಲೂ ಇದೇ ಕಾಣುತ್ತದೆ. ಇಬ್ಬರಿಗೂ ಬೇರೆ ಮದುವೆಯ ಬಂಧನ ಇಲ್ಲದಿದ್ದರೆ ಇಂಥ ಮರುಕೂಟ ಚೆನ್ನಾಗಿ ಬಾಳುತ್ತದೆ. ಒಬ್ಬರಿಗೆ ಆ ಬಂಧನ ಇದ್ದರೂ ಮೂರು ಮನೆಗಳು ನೋಯುತ್ತವೆ.

ಇನ್ನು ಒಂಟಿತನ. ಅದು ಇದೆ, ಅದರಲ್ಲಿ ನಾಚಿಕೆಯಿಲ್ಲ. ಒಂಟಿತನವಿದೆ ಎಂದಮಾತ್ರಕ್ಕೆ ಪ್ರೀತಿ ಸುಳ್ಳಾಗುವುದಿಲ್ಲ. ಆದರೆ ಎರಡನ್ನೂ ಬೇರೆಬೇರೆಯಾಗಿ ನೋಡುವ ದಾರಿಯಿದೆ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಅವನ ಬಗ್ಗೆ ಆಗಿನಿಂದ ಗೊತ್ತಿರುವುದನ್ನು ಬರೆಯಿರಿ. ಬಲಪುಟದಲ್ಲಿ ಈಚೆಗೆ ನೀವೇ ಕಣ್ಣಾರೆ ಕಂಡದ್ದನ್ನು ಮಾತ್ರ ತಾರೀಖಿನ ಸಮೇತ ಬರೆಯಿರಿ. ಅವನು ಹೇಳಿದ್ದನ್ನಲ್ಲ, ಮಾಡಿದ್ದನ್ನು. ಎರಡು ತಿಂಗಳಾದರೂ ಬಲಪುಟ ಖಾಲಿ ಉಳಿದಿದ್ದರೆ ನೀವು ಮಾತನಾಡುತ್ತಿರುವುದು ನೆನಪಿನೊಂದಿಗೆ. ಅದರ ಜೊತೆಗೆ, ಕಾಲೇಜಿನಲ್ಲಿ ಮಾಡುತ್ತಿದ್ದು ಮದುವೆಯ ಮೇಲೆ ಬಿಟ್ಟುಹೋದ ಒಂದು ಕೆಲಸವನ್ನು, ಹಾಡೋ ನಾಟಕವೋ ಚಾರಣವೋ, ಅವನಿಗೆ ಹೇಳದೆ ಮತ್ತೆ ಶುರುಮಾಡಿ, ವಾರಕ್ಕೆ ಎರಡು ಸಲ. ಎಂಟು ಹತ್ತು ವಾರದಲ್ಲಿ ಅವನ ಸೆಳೆತ ಅರ್ಧಕ್ಕಿಳಿದರೆ, ನೀವು ಹುಡುಕುತ್ತಿದ್ದುದರಲ್ಲಿ ದೊಡ್ಡ ಪಾಲು ಆಗಿನ ನಿಮ್ಮನ್ನೇ. ಇಳಿಯದಿದ್ದರೆ ಅದೂ ಒಂದು ಉತ್ತರವೇ.

ಯಜಮಾನರ ಫೋಟೊದ ಮುಂದೆ ಕೈ ನಡುಗುವ ಬಗ್ಗೆ: ಸತ್ತವರ ಮೇಲಿನ ಪ್ರೀತಿ ಮುಗಿದ ಮೇಲೆಯೇ ಇನ್ನೊಬ್ಬರನ್ನು ಪ್ರೀತಿಸಬೇಕು ಎಂಬ ಕ್ರಮ ಮನಸ್ಸಿಗಿಲ್ಲ. ಮರುಮದುವೆಯಾಗಿ ನೆಮ್ಮದಿಯಾಗಿರುವವರೂ ಮೊದಲ ಸಂಗಾತಿಯ ತಿಥಿಯಂದು ಅಳುತ್ತಾರೆ. ನಿಮ್ಮನ್ನು ಸುಡುತ್ತಿರುವುದು ಪ್ರೀತಿಗಿಂತ ಹೆಚ್ಚಾಗಿ ಗುಟ್ಟು ಎಂದು ನನಗನ್ನಿಸುತ್ತದೆ. ಅತ್ತೆ ಪಕ್ಕದ ಕೋಣೆಯಲ್ಲಿ ಮಲಗಿರುವಾಗ ಫೋನಿನ ಬೆಳಕು ಮುಚ್ಚಿಕೊಂಡು ಟೈಪ್ ಮಾಡುವುದು ಯಾರಿಗಾದರೂ ತಾನು ತಪ್ಪು ಮಾಡುತ್ತಿದ್ದೇನೆ ಎನ್ನುವ ಭಾವನೆ ತರುತ್ತದೆ. ಹತ್ತಿರದ ಒಬ್ಬ ಗೆಳತಿಗೆ ಅಥವಾ ಅಕ್ಕನಿಗೆ ಎಲ್ಲವನ್ನೂ ಹೇಳಿ. ಆ ನಡುಕ ಎಷ್ಟು ಕಡಿಮೆಯಾಗುತ್ತದೆ ನೋಡಿ.

ಈಗ ಅವನ ವಿಷಯ. ಬೇರೆ ಮನೆ ಮಾಡಿರುವುದು, ಹಿರಿಯರ ಮುಂದೆ ಪಂಚಾಯ್ತಿ ಆಗಿರುವುದು, ಛಾಪಾ ಕಾಗದದ ಮೇಲೆ ಬೇರ್ಪಡುವ ಒಪ್ಪಂದ ಬರೆದು ನೋಟರಿ ಮಾಡಿಸಿರುವುದು, ಇವು ಯಾವುವೂ ವಿಚ್ಛೇದನವಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಕೋರ್ಟಿನ ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಬರುವವರೆಗೆ ಮದುವೆ ಜೀವಂತವಾಗಿರುತ್ತದೆ. ಇಬ್ಬರೂ ಒಪ್ಪಿದ್ದರೆ ಒಂದು ವರ್ಷ ಬೇರೆಯಾಗಿದ್ದ ಮೇಲೆ ಕಲಂ 13-ಬಿ ಅಡಿ ಜಂಟಿ ಅರ್ಜಿ ಹಾಕಬಹುದು. ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಅಂದರೆ ನಿಜವಾಗಿಯೂ ಕಾಗದದ ಕೆಲಸವಷ್ಟೇ ಆಗಿದ್ದರೆ ಮೂರು ವರ್ಷ ಎಳೆಯುವ ಅಗತ್ಯವಿರಲಿಲ್ಲ. ಹೆಂಡತಿ ಒಪ್ಪದೆ ಕೇಸು ನಡೆಯುತ್ತಿದ್ದರೆ ಇನ್ನೂ ವರ್ಷಗಳೇ ಹಿಡಿಯಬಹುದು. ಅರ್ಜಿಯನ್ನೇ ಹಾಕಿಲ್ಲದಿದ್ದರೆ ಅವನು ನಿಮಗೆ ಹೇಳಿರುವುದು ಆಸೆ, ಸಂಗತಿಯಲ್ಲ.

ಹಾಗಾಗಿ ಕೇಳಿ, ನೇರವಾಗಿ: ಅರ್ಜಿ ಹಾಕಿದ್ದೀಯಾ, ಯಾವ ಕೋರ್ಟು, ಕೇಸ್ ನಂಬರ್ ಏನು? ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಮುಂದಿನ ತಾರೀಖು, ಯಾವ ಹಂತದಲ್ಲಿದೆ ಎನ್ನುವುದು ಗೊತ್ತಾಗುತ್ತದೆ. ಈ ಪ್ರಶ್ನೆಗೆ ಅವನು ‘ನನ್ನ ಮೇಲೆ ನಂಬಿಕೆ ಇಲ್ಲವಾ’ ಎಂದು ನೊಂದುಕೊಂಡರೆ ಗಟ್ಟಿಯಾಗಿ ನಿಲ್ಲಿ. 45ನೇ ವಯಸ್ಸಿನಲ್ಲಿ ಮಗಳೊಬ್ಬಳನ್ನು ಇಟ್ಟುಕೊಂಡು ಹೆಜ್ಜೆಯಿಡುವ ಹೆಂಗಸು ಕೇಳಲೇಬೇಕಾದ ಪ್ರಶ್ನೆ ಇದು, ಯೋಗ್ಯನಾದವನಿಗೆ ಅದು ಅರ್ಥವಾಗುತ್ತದೆ. ಹಬ್ಬದ ದಿನ, ಭಾನುವಾರ ಫೋನ್ ಎತ್ತುವುದಿಲ್ಲ, ಮನೆಯೊಳಗಿನಿಂದ ವಿಡಿಯೊ ಕಾಲ್ ಮಾಡುವುದಿಲ್ಲ, ಮೆಸೇಜ್ ತಾನಾಗಿ ಅಳಿಯುವಂತೆ ಇಟ್ಟಿದ್ದಾನೆ, ಗ್ರೂಪಿನಲ್ಲಿ ನಮ್ಮ ಮಾತು ಎತ್ತಬೇಡ ಎನ್ನುತ್ತಾನೆ, ಇವೆಲ್ಲ ಒಟ್ಟಿಗೆ ಇದ್ದರೆ ಆ ಮನೆ ಇನ್ನೂ ನಡೆಯುತ್ತಿರುವ ಮನೆ ಎಂದೇ ತಿಳಿಯಿರಿ. ಆ ಮನೆಯಲ್ಲಿರುವ ಹೆಂಗಸಿಗೆ ಈ ಯಾವುದೂ ಗೊತ್ತಿಲ್ಲದಿರಬಹುದು.

ಡಿಕ್ರಿಗೆ ಮೊದಲು ದೇವಸ್ಥಾನದಲ್ಲಿ ಹಾರ ಬದಲಾಯಿಸಿಕೊಳ್ಳೋಣ ಎಂಬ ಮಾತು ಬಂದರೆ ಖಂಡಿತ ಬೇಡ. ಆ ಮದುವೆ ಕಾನೂನಿನ ಕಣ್ಣಿನಲ್ಲಿ ಅನೂರ್ಜಿತ, ನಿಮಗೆ ಹೆಂಡತಿಯ ಹಕ್ಕು ಸಿಗುವುದಿಲ್ಲ. ಮದುವೆ ಇರುವಾಗಲೇ ಇನ್ನೊಂದು ಮದುವೆಯಾಗುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 82ರಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರದ ಅಪರಾಧ ಕಲಂ ರದ್ದುಮಾಡಿದ್ದರಿಂದ ಏನೂ ಆಗುವುದಿಲ್ಲ ಎಂದುಕೊಂಡವರು ಅನೇಕರು. ಅದು ಈಗ ಅಪರಾಧವಲ್ಲ, ಆದರೆ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಅವನ ಹೆಂಡತಿ ಹಾಕುವ ಅರ್ಜಿಯಲ್ಲಿ ನಿಮ್ಮ ಹೆಸರು ಬರಬಹುದು, ನಿಮ್ಮ ಚಾಟ್ ಸಾಕ್ಷಿಯಾಗಬಹುದು. ಸರ್ಕಾರಿ ನೌಕರಳಾದ ನಿಮಗೆ ಇಲಾಖೆಯ ನಡತೆ ನಿಯಮಗಳ ತೊಡಕೂ ಬರಬಹುದು. ಡಿಕ್ರಿ ಬಂದು ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾರಿ ಸಲೀಸು. ಜಾತಿ ಬೇರೆಯಾದರೂ ಇಬ್ಬರೂ ಹಿಂದೂಗಳಾಗಿದ್ದರೆ ಹಿಂದೂ ವಿವಾಹ ಕಾಯ್ದೆಯಡಿಯೇ ಮದುವೆಯಾಗಿ ನೋಂದಾಯಿಸಬಹುದು. ವಿಶೇಷ ವಿವಾಹ ಕಾಯ್ದೆಯಡಿ ಆಗುವುದಾದರೆ 30 ದಿನದ ನೋಟಿಸ್ ಕಚೇರಿಯಲ್ಲಿ ಪ್ರಕಟವಾಗುತ್ತದೆ. ಮನೆಯವರಿಗೆ ಅದಕ್ಕೂ ಮೊದಲೇ ತಿಳಿಸಿರಬೇಕು.

ಮಡಿಕೇರಿ ಈಗ ಬೇಡ. ಎರಡು ದಿನದ ಪ್ರವಾಸದಲ್ಲಿ ಯಾರೂ ತಮ್ಮ ದಿನನಿತ್ಯದ ಸ್ವಭಾವ ತೋರಿಸುವುದಿಲ್ಲ. ಒಮ್ಮೆ ದೇಹ ಸೇರಿದ ಮೇಲೆ ಕೇಸ್ ನಂಬರ್ ಕೇಳುವ ಧೈರ್ಯವೂ ಕುಗ್ಗುತ್ತದೆ. ಮೊದಲು ರಾತ್ರಿಯ ಚಾಟ್ ನಿಲ್ಲಿಸಿ. ಬರಹದ ಮಾತುಕತೆಯಲ್ಲಿ ಎದುರಿನವರ ದನಿ, ಮುಖ, ತಡವರಿಕೆ ಯಾವುದೂ ಕಾಣುವುದಿಲ್ಲ. ಖಾಲಿ ಜಾಗವನ್ನು ನಮ್ಮ ಮನಸ್ಸು ತನಗೆ ಬೇಕಾದಂತೆ ತುಂಬಿಕೊಳ್ಳುತ್ತದೆ. ನಿದ್ದೆ ಕಡಿಮೆಯಾದಷ್ಟೂ ಹಂಬಲ ಹೆಚ್ಚುತ್ತದೆ, ವಿವೇಚನೆ ತಗ್ಗುತ್ತದೆ. ರಾತ್ರಿ ಹತ್ತಕ್ಕೆ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ಅದರ ಬದಲು ವಾರಕ್ಕೆ ಎರಡು ಸಲ, ಸಂಜೆಯ ಹೊತ್ತು, ಅರ್ಧ ಗಂಟೆ ವಿಡಿಯೊ ಕಾಲ್. ಹಳೆಯ ಹೆಸರಿನಲ್ಲಿ ಬೇರೆಯವರೇ ಮಾತನಾಡಿ ಹಣ ಕೀಳುವ ಮೋಸಗಳೂ ನಡೆಯುತ್ತಿವೆ, ಮುಖ ನೋಡಿ ಮಾತನಾಡಿದರೆ ಆ ಅನುಮಾನವೂ ಕಳೆಯುತ್ತದೆ.

ಕೇಸಿನ ವಿವರ ಸರಿಯಾಗಿದ್ದರೆ ಮುಂದಿನದು ಭೇಟಿ. ಪುಣೆಗೂ ಶಿವಮೊಗ್ಗಕ್ಕೂ ನಡುವೆ ಹುಬ್ಬಳ್ಳಿಯಂಥ ಊರು, ಹಗಲು ಹೊತ್ತು, ಜನ ಓಡಾಡುವ ಹೋಟೆಲು, ಎರಡು ಮೂರು ಗಂಟೆ, ವಾಪಸಿನ ಟಿಕೆಟ್ ನಿಮ್ಮ ಕೈಯಲ್ಲೇ. ಎಲ್ಲಿದ್ದೀರಿ ಎಂದು ಗೆಳತಿಗೆ ಗೊತ್ತಿರಲಿ. ಮೊದಲ ಭೇಟಿಯಿಂದ ಏನೂ ನಿರ್ಧರಿಸಬೇಡಿ. ಅಂದು ಇಬ್ಬರೂ 21 ವರ್ಷದವರಾಗಿಬಿಟ್ಟಿರುತ್ತೀರಿ. ಆಮೇಲಿನ ಭೇಟಿಗಳು ಸಪ್ಪೆಯಾಗಿದ್ದಷ್ಟೂ ಒಳ್ಳೆಯದು. ಊಟ ತಡವಾದಾಗ ಮಾಣಿಯ ಜೊತೆ ಹೇಗೆ ಮಾತಾಡುತ್ತಾನೆ, ನೀವು ಇಲ್ಲ ಎಂದಾಗ ಮುಖ ಹೇಗಾಗುತ್ತದೆ, ತಾಯಿಯ ಫೋನ್ ಬಂದರೆ ದನಿ ಏನಾಗುತ್ತದೆ ನೋಡಿ. ಸಕ್ಕರೆ ಕಾಯಿಲೆ, ಬಿಪಿ ಇದೆಯೇ, ಸಾಲ ಎಷ್ಟು, ತಂದೆತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ಮಕ್ಕಳಿದ್ದರೆ ಅವರ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ ಎಂದು ಕೇಳಿ. ಮದುವೆ ಮುರಿದ ಕಥೆಯಲ್ಲಿ ತಪ್ಪೆಲ್ಲ ಹೆಂಡತಿಯದೇ ಆಗಿದ್ದರೆ ಎಚ್ಚರ. ತನ್ನ ಪಾಲಿನ ತಪ್ಪನ್ನು ಎರಡು ವಾಕ್ಯದಲ್ಲಾದರೂ ಹೇಳಬಲ್ಲವನ ಜೊತೆ ಬಾಳುವುದು ಸುಲಭ. ಒಂದು ವರ್ಷದ ಸುತ್ತು ಪೂರ್ತಿಯಾಗಲಿ. ನಿಮ್ಮ ಯಜಮಾನರ ತಿಥಿ, ಮಗಳ ಪರೀಕ್ಷೆ, ಗೌರಿ ಹಬ್ಬ, ಅತ್ತೆಯ ಅನಾರೋಗ್ಯ ಇವೆಲ್ಲದರಲ್ಲಿ ಅವನು ಹೇಗಿದ್ದ ಎನ್ನುವುದು ಆಗ ಗೊತ್ತಾಗುತ್ತದೆ. ಬಲಪುಟ ತುಂಬುವುದು ಹೀಗೆ.

ಮದುವೆಗೆ ಮೊದಲೇ ದೇಹಸಂಬಂಧದ ಹಂತ ಬಂದರೆ ಸಂಕೋಚವಿಲ್ಲದೆ ಎರಡು ವಿಷಯ ತಿಳಿದಿರಿ. ಕೊನೆಯ ಮುಟ್ಟಾಗಿ ಸತತ 12 ತಿಂಗಳು ಕಳೆಯುವವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇರುತ್ತದೆ. ಇಬ್ಬರೂ ಎಚ್‌ಐವಿ, ಹೆಪಟೈಟಿಸ್-ಬಿ, ಸಿಫಿಲಿಸ್ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ವಿವರ ಗುಟ್ಟಾಗಿರುತ್ತದೆ. ಖಾಸಗಿ ಫೋಟೊ, ವಿಡಿಯೊ ಕಳಿಸಬೇಡಿ, ಎಷ್ಟು ಕೇಳಿದರೂ. ಕೈಗಡ, ಜಾಮೀನು, ಚಿನ್ನ ಅಡವಿಡುವ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡು ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈತಪ್ಪುತ್ತದೆ.

ಏನು ಕಳೆದುಕೊಳ್ಳುತ್ತೀರಿ ಎಂದು ಕೇಳಿದ್ದೀರಿ. ಯಜಮಾನರ ಕಡೆಯಿಂದ ನಿಮಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ಮರುಮದುವೆಯಿಂದ ಅದು ನಿಲ್ಲುತ್ತದೆ. ವಯೋಮಿತಿಯೊಳಗಿನ ಮಗಳಿಗೆ ಅದು ವರ್ಗವಾಗುವ ಬಗ್ಗೆ ಅವರ ಹಿಂದಿನ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಮದುವೆಯಾಗಿದ್ದನ್ನು ತಿಳಿಸದೆ ಪಿಂಚಣಿ ಪಡೆಯುತ್ತ ಹೋದರೆ ಮುಂದೆ ವಸೂಲಿಗೆ ಬರುತ್ತಾರೆ. ಯಜಮಾನರ ಆಸ್ತಿಯಲ್ಲಿ ನಿಮಗೆ ಬಂದ ಪಾಲು ಮಾತ್ರ ಮರುಮದುವೆಯಿಂದ ಕೈಬಿಟ್ಟು ಹೋಗುವುದಿಲ್ಲ, ಅದು ನಿಮ್ಮದೇ. ಬಹಳ ಜನ ಮರೆಯುವುದು ಮುಂದಿನದನ್ನು: ಉಯಿಲು ಬರೆಯದೆ ನೀವು ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮ ಆಸ್ತಿ ಮಗಳಿಗೂ ಹೊಸ ಗಂಡನಿಗೂ ಸಮವಾಗಿ ಹೋಗುತ್ತದೆ. ಅವಳ ತಂದೆ ಕಟ್ಟಿಸಿದ ಮನೆಯಲ್ಲಿ ನಿಮಗೆ ಬಂದ ಪಾಲೂ ಸೇರಿ. ಆದ್ದರಿಂದ ಮದುವೆಗೆ ಮೊದಲೇ ಉಯಿಲು ಮಾಡಿ. ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಬ್ಯಾಂಕ್, ಎಲ್‌ಐಸಿಯ ನಾಮಿನಿ ಹೆಸರುಗಳನ್ನೂ ಒಮ್ಮೆ ನೋಡಿ.

ಮಗಳಿಗೆ ಯಾವಾಗ ಹೇಳುವುದು? ನಿಮಗೇ ಸ್ಪಷ್ಟವಾಗುವ ಮೊದಲು ಬೇಡ. ಬೇರೆಯವರ ಬಾಯಿಂದ ಅವಳು ಕೇಳುವ ಮೊದಲು ಹೇಳಲೇಬೇಕು. ಪರೀಕ್ಷೆ ಇಲ್ಲದ ಸಮಯ, ಇಬ್ಬರೇ ಇರುವ ಜಾಗ. ಹೇಳಿದ ದಿನವೇ ಅವನನ್ನು ಪರಿಚಯಿಸಬೇಡಿ. ‘ನನಗೆ ಒಬ್ಬರ ಮೇಲೆ ಪ್ರೀತಿಯಿದೆ, ಇನ್ನೂ ನಿರ್ಧಾರ ಮಾಡಿಲ್ಲ. ಅಪ್ಪನ ಜಾಗಕ್ಕೆ ಯಾರೂ ಬರುವುದಿಲ್ಲ. ನಿನಗೆ ಸಿಟ್ಟು ಬಂದರೆ ಬರಲಿ, ನನ್ನ ಹತ್ತಿರವೇ ಹೇಳು’ ಎಂದರೆ ಸಾಕು. ಅವಳ ಅನುಮತಿ ಕೇಳುತ್ತಿಲ್ಲ, ಅವಳಿಂದ ಮುಚ್ಚಿಡುತ್ತಲೂ ಇಲ್ಲ. ಮೊದಲ ಪ್ರತಿಕ್ರಿಯೆ ಕೆಟ್ಟದಾಗಿದ್ದರೆ ಕಂಗಾಲಾಗಬೇಡಿ. ಅಪ್ಪನನ್ನು ಮರೆತುಬಿಟ್ಟರಾ ಎಂಬ ಭಯ ಅಲ್ಲಿ ಮಾತಾಡುತ್ತಿರುತ್ತದೆ, ಅದು ತಿಳಿಯಾಗಲು ತಿಂಗಳುಗಳು ಬೇಕು. ಅತ್ತೆಯ ವಿಷಯ ಇನ್ನೂ ಸೂಕ್ಷ್ಮ. ಮಗನನ್ನು ಕಳೆದುಕೊಂಡ ಮೇಲೆ ಸೊಸೆಯ ಮನೆಯಲ್ಲಿರುವ ವಯಸ್ಸಾದ ಹೆಂಗಸಿಗೆ ಮೊದಲು ಏಳುವ ಪ್ರಶ್ನೆ, ನಾನು ಎಲ್ಲಿಗೆ ಹೋಗಲಿ ಎನ್ನುವುದು. ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಅವರ ಹತ್ತಿರ ಮಾತೆತ್ತಿ.

ಇಷ್ಟೆಲ್ಲ ನೋಡಿದರೆ ನಿಮ್ಮ ಮುಂದಿರುವ ದಾರಿಗಳು: ಗುಟ್ಟಾಗಿ ಮುಂದುವರಿಯುವುದು, ಗ್ರೂಪಿನ ಗೆಳೆತನದ ಮಿತಿಯಲ್ಲಿ ಉಳಿಯುವುದು, ಅವನ ವಿಚ್ಛೇದನ ಮುಗಿಯುವವರೆಗೆ ಅಂತರವಿಟ್ಟು ಕಾಯುವುದು, ನಿಲ್ಲಿಸುವುದು. ಮೊದಲನೆಯದು ಎಲ್ಲಕ್ಕಿಂತ ಕೆಟ್ಟದ್ದು, ಅದರ ಪೂರ್ತಿ ಹೊರೆ ಹೆಂಗಸಿನ ಮೇಲೆಯೇ ಬೀಳುತ್ತದೆ. ಬರೀ ಗೆಳೆತನ ಎನ್ನುವುದು ಒಬ್ಬರ ಮನಸ್ಸಿನಲ್ಲಾದರೂ ಹಂಬಲ ಇರುವವರೆಗೆ ನಿಲ್ಲುವುದು ಕಷ್ಟ. ನನ್ನ ಸಲಹೆ ಕಾಯುವುದು, ಆದರೆ ಗಡುವಿಟ್ಟು. ಮೂರು ತಿಂಗಳೊಳಗೆ ಅರ್ಜಿ ದಾಖಲಾದ ವಿವರ ನಿಮ್ಮ ಕೈಗೆ ಬರಬೇಕು. ಈಗಾಗಲೇ ಕೇಸು ನಡೆಯುತ್ತಿದ್ದರೆ ಅದರ ಮುಂದಿನ ತಾರೀಖು ನಿಮಗೆ ಗೊತ್ತಿರಬೇಕು.

ಗಡುವು ಮೀರಿದರೆ ಒಂದೇ ಮೆಸೇಜ್ ಸಾಕು: ‘ನಿನ್ನ ಮದುವೆ ಇನ್ನೂ ಮುಗಿದಿಲ್ಲ, ಹೀಗೆ ಮುಂದುವರಿಯಲು ನನಗಾಗುವುದಿಲ್ಲ. ಇನ್ನು ಮೆಸೇಜ್, ಫೋನ್ ಬೇಡ.’ ವಾದಕ್ಕೆ ಇಳಿಯಬೇಡಿ. ಚಾಟ್ ಆರ್ಕೈವ್ ಮಾಡಿ, ನಂಬರ್ ಬ್ಲಾಕ್ ಮಾಡಿ, ಕೆಲವು ತಿಂಗಳು ಗ್ರೂಪ್ ಮ್ಯೂಟ್‌ನಲ್ಲಿಡಿ. ಆಮೇಲೂ ಬಿಡದೆ ಬೆನ್ನುಬಿದ್ದರೆ ಅದು ಹಿಂಬಾಲಿಸುವ ಅಪರಾಧ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮೊದಲ ಕೆಲವು ವಾರ ಕಷ್ಟ. ಊಟ ಸೇರುವುದಿಲ್ಲ, ಕೈ ತಾನಾಗಿ ಫೋನಿಗೆ ಹೋಗುತ್ತದೆ, 24 ವರ್ಷದ ಹಿಂದೆ ಅಳಲಾಗದೆ ಉಳಿದದ್ದೂ ಈಗ ಬರಬಹುದು. ನಿದ್ದೆ, ಊಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟರೆ ಅಥವಾ ಬದುಕೇ ಬೇಡ ಎನಿಸಿದರೆ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.